ಕಣ್ಣಿನ ಪಕ್ಕದ ಡೋಸಿಮೀಟರ್

ಎಕ್ಸ್-ರೇ ನೋಡುತ್ತ ಹೃದಯದ ರಕ್ತನಾಳಗಳಿಗೆ ಚಿಕಿತ್ಸೆ ನೀಡುವ ಕ್ಯಾಥ್ ಲ್ಯಾಬಿನಲ್ಲಿ ತಂತ್ರಜ್ಞನಾಗಿರುವ ನನಗೆ ವಿಕಿರಣ ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜ್ ಹೊಸದಲ್ಲ. ಆದರೆ ಸೀಸದ ಏಪ್ರನ್ನಿನ ಹಿಂದೆ ಅಡಗಿರುವ ಬ್ಯಾಡ್ಜು ಕಣ್ಣಿನ ಪಾಡನ್ನು ಹೇಳಲಾರದೆಂದು ವಿಕಿರಣ ಸುರಕ್ಷತಾ ಅಧಿಕಾರಿಯವರು ಒಂದು ಬೆಳಿಗ್ಗೆ ನನ್ನ ಎಡಹುಬ್ಬಿನ ಪಕ್ಕಕ್ಕೆ ತಾಕಿದ ವಿಕಿರಣವನ್ನು ಅಳೆಯುವ ಪುಟ್ಟ ಡೋಸಿಮೀಟರ್ ಕಟ್ಟಿದರು. ಎಡಕ್ಕೇ ಏಕೆಂದರೆ, ರೋಗಿಯ ಬಲಬದಿಯಲ್ಲಿ ನಿಲ್ಲುವ ನಮಗೆ ಕಿರಣ ಬೀಳುವ ಎದೆಯ ಭಾಗ ಎಡಗಡೆಗಿರುತ್ತದೆ. ನಮ್ಮನ್ನು ತಾಕುವುದು ಮುಖ್ಯವಾಗಿ ರೋಗಿಯ ಮೈಯಿಂದ ಚದುರಿದ ವಿಕಿರಣ.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2011ರಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರ ಕಣ್ಣಿನ ಮಸೂರಕ್ಕೆ ತಾಕಬಹುದಾದ ವಿಕಿರಣದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ (ವಿಕಿರಣದ ಪ್ರಮಾಣ ಅಳೆಯುವ ಮಾನ) 20ಕ್ಕೆ ಇಳಿಸಿತು. ಇದು 5 ವರ್ಷಗಳ ಸರಾಸರಿ; ಯಾವೊಂದು ವರ್ಷದಲ್ಲೂ 50 ಮೀರುವಂತಿಲ್ಲ. ಪೊರೆ ಕಟ್ಟಲು ಹಿಂದೆ ಎಣಿಸಿದ್ದಕ್ಕಿಂತ ಬಹಳ ಕಡಿಮೆ, ಸುಮಾರು 0.5 ಗ್ರೇ (ಅಂಗ ಹೀರಿದ ವಿಕಿರಣದ ಮಾನ) ಸಾಕಾಗಬಹುದೆಂಬುದು ಇದಕ್ಕೆ ಕಾರಣ. ಅದು ಮಸೂರದ ಹಿಂಬದಿಯಲ್ಲಿ ವರ್ಷಗಳ ಮೇಲೆ ಕಟ್ಟುವುದರಿಂದ ಕೆಲಸದ ದಿನ ಯಾರಿಗೂ ಏನೂ ಅನಿಸುವುದಿಲ್ಲ. ನಮ್ಮವರ ಉದಾಸೀನಕ್ಕೆ ಅದೇ ಮೂಲವೆಂದು ನಾನು ತಿಳಿದಿದ್ದೇನೆ.

ಅಂದಿನ ಆಂಜಿಯೋಪ್ಲಾಸ್ಟಿಯೊಂದು ಬಹಳ ಹೊತ್ತು ಎಳೆಯಿತು. ಎಕ್ಸ್-ರೇ ಯಂತ್ರದ ಬಾಗಿದ ತೋಳಾದ ಸಿ-ಆರ್ಮ್ ರೋಗಿಯ ಎಡ ಓರೆಗೆ ತಿರುಗಿದಾಗ ಮೇಜಿನಡಿಯ ಎಕ್ಸ್-ರೇ ಟ್ಯೂಬ್ ನಮ್ಮ ಕಡೆಗೇ ಸರಿದು ಬಂತು. ಅಧಿಕಾರಿಯವರು ನನ್ನ ಕಣ್ಣಿನೆತ್ತರಕ್ಕೆ ಹಿಡಿದಿದ್ದ ಮೀಟರಿನ ಅಂಕಿ ಕೂಡಲೇ ಏರಿತು. ಚಾವಣಿಯಿಂದ ತೂಗುವ ಸೀಸದ ಗಾಜು ಆಗ ಕೈಗೆ ಅಡ್ಡವೆಂದು ಬದಿಗೆ ಸರಿಸಲ್ಪಟ್ಟಿತ್ತು. "ಸರ್, ಗಾಜನ್ನು ರೋಗಿಯ ಎದೆಗೆ ತಾಗುವಷ್ಟು ಹತ್ತಿರ ತರಲೇ?" ಎಂದು ಕೇಳಿದೆ. ವೈದ್ಯರು ತಲೆಯಾಡಿಸಿದರು. ಗಾಜು ಬಂದದ್ದೇ ಅಂಕಿ ಥಟ್ಟನೆ ಕುಸಿಯಿತು. ಫ್ಲೋರೋಸ್ಕೋಪಿಯನ್ನು, ಅಂದರೆ ಚಲಿಸುವ ಎಕ್ಸ್-ರೇ ಚಿತ್ರಣವನ್ನು, ಸೆಕೆಂಡಿಗೆ 15 ಪಲ್ಸ್‌ನಿಂದ 7.5ಕ್ಕೆ ಇಳಿಸಿದಾಗ ಇನ್ನೂ ತಗ್ಗಿತು. ಚಿತ್ರ ತುಸು ಜಿಗಿಯುತ್ತಿದ್ದರೂ ವೈದ್ಯರು ಆಕ್ಷೇಪಿಸಲಿಲ್ಲ.

ಸೀಸದ ಕನ್ನಡಕ ಹಾಕಿಕೊಂಡರೆ ಮುಗಿಯಿತೆಂಬ ಮಾತನ್ನು ಬಹಳ ಕೇಳಿದ್ದೇನೆ. ಅಧಿಕಾರಿಯವರು ಕನ್ನಡಿ ಹಿಡಿದು ನನಗೆ ತೋರಿಸಿದ್ದು ಬೇರೆಯೇ: ಕನ್ನಡಕದ ಗಾಜಿಗೂ ಕೆನ್ನೆಗೂ ನಡುವೆ ಬೆರಳು ತೂರುವಷ್ಟು ಸಂದು. ಚದುರಿದ ವಿಕಿರಣ ಬರುವುದು ಕೆಳಗಿನಿಂದ, ಓರೆಯಾಗಿ. ಮೇಲಾಗಿ ಮಾನಿಟರ್ ಬಲಗಡೆ ದೂರದಲ್ಲಿದ್ದುದರಿಂದ ನಾವು ದಿನವಿಡೀ ಮುಖವನ್ನು ಆ ಕಡೆ ತಿರುಗಿಸಿ, ಎಡಗಣ್ಣಿನ ಬದಿಯನ್ನು ರೋಗಿಯತ್ತ ಒಡ್ಡಿಕೊಂಡಿರುತ್ತಿದ್ದೆವು. (ಕತ್ತು ನೋವೆಂದು ಎಲ್ಲರೂ ದೂರುತ್ತಿದ್ದರು, ಕಣ್ಣಿನ ಮಾತು ಯಾರೂ ಎತ್ತಿರಲಿಲ್ಲ.)

ಸಂಜೆ ಕೊನೆಯ ರೋಗಿಯನ್ನು ವಾರ್ಡಿಗೆ ಕಳಿಸಿದ ಮೇಲೆ ನಾವು ಮಾನಿಟರಿನ ತೋಳನ್ನು ಎಳೆದು ಮೇಜಿಗೆ ನೇರ ಎದುರಾಗಿ ನಿಲ್ಲಿಸಿದೆವು, ಬದಿಗಾಪು ಇರುವ, ಮುಖಕ್ಕೆ ಒತ್ತಿ ಕೂರುವ ಕನ್ನಡಕಗಳಿಗೆ ಬೇಡಿಕೆ ಬರೆದೆವು. ಡೋಸಿಮೀಟರ್ ಓದುವಿಕೆಗೆ ಹೋಯಿತು.