ನೀಲಿ ಹೂವಿಗೆ ಹುಳಿ ಮಣ್ಣು

ಮಡಿಕೇರಿ, 14 ಜೂನ್ 2024, ಶುಕ್ರವಾರ

ಬೆಳಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಹೈಡ್ರೇಂಜಿಯ ಗೊಂಚಲುಗಳು ನೀರು ಕುಡಿದು ನೆಲ ಮುಟ್ಟುತ್ತಿದ್ದವು. ಬಿದಿರು ಕಡ್ಡಿ ಊರಿ, ಬಾಳೆ ನಾರಿನಲ್ಲಿ ಸಡಿಲವಾಗಿ ಎತ್ತಿ ಕಟ್ಟಿದೆ. ಹತ್ತಿರದಿಂದ ನೋಡಿದ್ದೀರಾ ಈ ಹೂವನ್ನು? ದಳ ಅಂತ ನಾವು ಮೆಚ್ಚುವ ಆ ನಾಲ್ಕು ನೀಲಿ ಎಸಳು ದಳಗಳೇ ಅಲ್ಲ, ಪುಷ್ಪಪತ್ರಗಳು, ಅಂದರೆ ಬೇರೆ ಹೂಗಳಲ್ಲಿ ಮೊಗ್ಗಿನ ಹೊರಗೆ ಸಾಮಾನ್ಯವಾಗಿ ಹಸಿರಾಗಿರುವ ಎಸಳು. ನಡುವೆ ಸಾಸಿವೆಯಷ್ಟು ಒಂದು ಗುಂಡು ಮೊಗ್ಗಿದೆಯಲ್ಲ, ಅದು ಅಸಲಿ ಹೂವು. ಗೊಂಚಲು ವಾರಗಟ್ಟಲೆ ಉದುರದೆ, ನಿಧಾನಕ್ಕೆ ಹಸಿರಿಗೆ ತಿರುಗುತ್ತಾ ನಿಲ್ಲುವುದು ಇದಕ್ಕೇ.

ಮಧ್ಯಾಹ್ನ ಬೆಂಗಳೂರಿನಿಂದ ಅಕ್ಕನ ಫೋನು. "ಲೇ, ನೀನು ಕೊಟ್ಟಿದ್ದು ನೀಲಿ ಗಿಡ ತಾನೇ? ಇಲ್ಲಿ ಪಿಂಕ್ ಬಿಟ್ಟಿದೆ ನೋಡು!" ಗಿಡ ಅದೇ ಅಕ್ಕಾ, ಮಣ್ಣು ಬೇರೆ ಅಂದೆ. ನಮ್ಮ ಕಡೆ ಮಣ್ಣು ಹುಳಿ. ಹುಳಿ ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಅದು 5.5ಕ್ಕಿಂತ ಕೆಳಗಿದ್ದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. 6.5 ದಾಟಿತೋ, ಅದೇ ಗಿಡದಲ್ಲಿ ಗುಲಾಬಿ ಬಣ್ಣ. ನಡುವೆ ಇದ್ದರೆ ನೇರಳೆ. ಅಕ್ಕ ಹಾಕುವುದು ಬೋರ್‌ವೆಲ್‌ನ ಗಡಸು ನೀರು, ಅದು ಮಣ್ಣಿನ ಹುಳಿ ಇಳಿಸುತ್ತದೆ, ಮತ್ತೆ ನೀಲಿ ಎಲ್ಲಿಂದ ಬರಬೇಕು? ಮಳೆ ನೀರು ಹಿಡಿದು ಹಾಕು, ಲೀಟರಿಗೆ ಮೂರು ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ ಆಗಾಗ ಕೊಡು, ಅದೂ ಒಣ ಮಣ್ಣಿಗೆ ಬೇಡ, ಮೊದಲು ಬರೀ ನೀರು ಹಾಕಿ ನೆನೆಸು ಅಂತ ಹೇಳಿದೆ. ರಂಜಕ (ಫಾಸ್ಫರಸ್) ಜಾಸ್ತಿ ಇರುವ ಗೊಬ್ಬರ ಸುರಿದರೆ ಅದು ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ಬಿಳಿ ಜಾತಿಯದ್ದಾದರೆ ಏನು ಹಾಕಿದರೂ ನೀಲಿಯಾಗುವುದಿಲ್ಲ.

ಇಲ್ಲಿ ಕಾಫಿ ತೋಟಕ್ಕೆ ಹುಳಿ ಕಡಿಮೆ ಮಾಡಲು ಸುಣ್ಣ ಹಾಕುತ್ತೇವೆ. ಆ ಕೈಯಲ್ಲೇ ಅಂಗಳದ ಹೂಗಿಡಕ್ಕೂ ಒಂದು ಹಿಡಿ ಎರಚುವವರಿದ್ದಾರೆ. ನೀಲಿ ಬೇಕು ಅನ್ನುವವರು ಆ ಕೈಯನ್ನು ಸ್ವಲ್ಪ ಹಿಡಿಯಬೇಕು. ಹೊಸ ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟರೂ ಅದೇ ಕಥೆ.

ಹೂವೇ ಬಿಡಲ್ಲ ಅನ್ನುವವರ ದೂರು ಮಾತ್ರ ಬೇರೆ. ನಾನು ನೋಡಿದಂತೆ ಹೆಚ್ಚಿನ ಕಡೆ ತಪ್ಪು ಕತ್ತರಿಯದ್ದು. ಈ ಜಾತಿ ಹೂ ಬಿಡುವುದು ಹಿಂದಿನ ವರ್ಷದ ಬಲಿತ ಕಡ್ಡಿಯಲ್ಲಿ. ಕಾಫಿ ಕೊಯ್ಲು ಮುಗಿದು ಗಿಡ ಸವರುವ ಕಾಲಕ್ಕೆ, ಅದೇ ಹುರುಪಿನಲ್ಲಿ ಇದನ್ನೂ ಮಟ್ಟಸವಾಗಿ ಕತ್ತರಿಸಿದರೆ ಬರುವ ಹೂವಿನ ಮೊಗ್ಗೆಲ್ಲ ಕಸದ ಗುಡ್ಡೆಗೆ. ಹೂವು ಮುಗಿದ ತಕ್ಷಣ, ದಪ್ಪ ಮೊಗ್ಗಿನ ಜೋಡಿಯ ಮೇಲೆ ಕತ್ತರಿಸಿ ಸುಮ್ನಿದ್ದುಬಿಡಬೇಕು. ಆಮೇಲೆ ಒಣಗಿದ ಕಡ್ಡಿ ಬಿಟ್ಟು ಬೇರೇನನ್ನೂ ಮುಟ್ಟಬಾರದು. ಯೂರಿಯಾ ಹಾಕಿ ಎಲೆ ನೋಡಿ ಖುಷಿಪಡುವುದೂ ಬೇಡ, ಬರೀ ಎಲೆಯೇ ಆಗುತ್ತದೆ.

ಬಿಸಿಲು ಬೆಳಗ್ಗಿನದು ಸಾಕು. ಬೇಸಿಗೆಯ ಮಧ್ಯಾಹ್ನ ಎಲೆ ಜೋತು ಬಿದ್ದರೆ ಗಾಬರಿ ಬೇಡ, ಬುಡ ಹಸಿಯಾಗಿದ್ದರೆ ಸಂಜೆಗೆ ತಾನೇ ಏಳುತ್ತದೆ. ಬುಡಕ್ಕೆ ತರಗೆಲೆ ಹೊದಿಸಿದರೆ ಅರ್ಧ ಕೆಲಸ ಕಡಿಮೆ.

ಸಂಜೆ ಹೊಸ ಗಿಡ ಮಾಡಲು ಕಟಿಂಗ್ ತೆಗೆದೆ. ಹೂ ಬಿಡದ ಎಳೆ ಕಡ್ಡಿ, ಐದಾರು ಇಂಚು. ಕೆಳಗಿನ ಎಲೆ ಕಿತ್ತು, ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ ಸೂರಿನಡಿ ಇಟ್ಟಿದ್ದೇನೆ. ನೇರ ಮಳೆಗೆ ಬಿಟ್ಟರೆ ಕೊಳೆಯುತ್ತವೆ. ಬೇರು ಬರಲು ಮೂರ್ನಾಲ್ಕು ವಾರ ಬೇಕು. ಪಕ್ಕದ ಮನೆಯವರೂ ಎರಡು ಕೇಳಿದ್ದಾರೆ. ಅವರದು ಹಸು ಇರುವ ಮನೆ, ಎಲೆ ವಿಷ, ಬೇಲಿಯಿಂದ ದೂರ ನೆಡಿ ಅಂತ ಹೇಳಿಯೇ ಕೊಡಬೇಕು.