ಕಣ್ಣು ಮಿಟುಕಿಸು ಅಜ್ಜಾ

ನವೆಂಬರ್ ಬಂತೆಂದರೆ ನಾನು ಎರಡು ದಿನ ರಜೆ ಹಾಕಿ ಬೆಂಗಳೂರಿನಿಂದ ನಂದಗಡಕ್ಕೆ ಹೋಗುತ್ತೇನೆ. ಹಬ್ಬಕ್ಕೆ ತಪ್ಪಿಸಿದರೂ ನಡೆದೀತು, ಇದಕ್ಕೆ ತಪ್ಪಿಸುವ ಹಾಗಿಲ್ಲ. ಅಜ್ಜ ಇನ್ನೂ ಬದುಕಿದ್ದಾನೆ ಎಂದು ಸರ್ಕಾರಕ್ಕೆ ತಿಳಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು.

ಪಿಂಚಣಿಯವರು ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಮೊದಲೆಲ್ಲ ಅಜ್ಜ ಇಸ್ತ್ರಿ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ ಸಹಿ ಮಾಡಿ ಬರುತ್ತಿದ್ದ. 2014ರಲ್ಲಿ ಬೆರಳಚ್ಚಿನ ಪದ್ಧತಿ ಬಂದಮೇಲೆ ತೊಂದರೆ ಶುರುವಾಯಿತು. ಕುಡಗೋಲು, ಗುದ್ದಲಿ, ಎತ್ತಿನ ಹಗ್ಗ ಹಿಡಿದು ಹಿಡಿದು ಅವನ ಬೆರಳಿನ ಗೆರೆಗಳು ಸವೆದುಹೋಗಿವೆ. ಹತ್ತೂ ಬೆರಳು ಒತ್ತಿಸಿದರೂ ಯಂತ್ರ ಒಪ್ಪಲಿಲ್ಲ. ಒಂದು ವರ್ಷವಂತೂ ಮೂರು ತಿಂಗಳು ಪಿಂಚಣಿ ನಿಂತುಹೋಯಿತು. ಕೇಳಲು ಹೋದಾಗ ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ, "ದಾಖಲೆ ಪ್ರಕಾರ ಇವರು ಇಲ್ಲ" ಎಂದ. ಅಜ್ಜ ಕೋಲನ್ನು ನನ್ನ ಕೈಗೆ ಕೊಟ್ಟ. ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು ತನ್ನ ಆರ್ಮಿ ನಂಬರು, ನಾಯಕ್ ಎಂಬ ರ‍್ಯಾಂಕು, ಹೆಸರು, ಮೂರನ್ನೂ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿದವರಿಗೆ ಹೇಳಬೇಕಾದದ್ದು ಇಷ್ಟೇ ಎಂದು ಹತ್ತೊಂಬತ್ತನೇ ವಯಸ್ಸಿನಲ್ಲಿ ಕಲಿಸಿದ್ದನ್ನು ಹೇಳಿದ, ಅಷ್ಟೆ. ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಅಳು ಬಂತು.

ಈಗ ಫೋನಿನಲ್ಲೇ ಮುಖ ತೋರಿಸಿದರೆ ಸಾಕು. ಅದಕ್ಕೇ ನಾನು ಹೋಗುವುದು.

ಅಜ್ಜ ಸೇರಿದ್ದು 1963ರಲ್ಲಿ. ಚೀನಾ ಯುದ್ಧ ಮುಗಿದು ಫೌಜಿಗೆ ಹುಡುಗರನ್ನು ಹುಡುಕುತ್ತಿದ್ದ ಕಾಲ. ಖಾನಾಪುರದಿಂದ ಮೀಟರ್ ಗೇಜ್ ಗಾಡಿ ಹತ್ತಿ ಬೆಳಗಾವಿಗೆ ಹೋದ. ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಬರೆದುಕೊಳ್ಳುವವರೇ 1944ರ ಜೂನ್ 1 ಎಂದು ಹಾಕಿದರು. ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲೇ ಇದೆ. ಕನ್ನಡದ ಹುಡುಗರನ್ನೂ ತೆಗೆದುಕೊಳ್ಳುತ್ತಾರೆ. ಖಾನಾಪುರದ ಕಡೆಯವರಿಗೆ ಮರಾಠಿ ಹೇಗೂ ಬರುತ್ತದೆ, ಹಿಂದಿ ಅಲ್ಲಿ ಕಲಿತ. ತರಬೇತಿ ಮುಗಿದಮೇಲೆ ಒಂದನೇ ಬೆಟಾಲಿಯನ್ನಿಗೆ ಹಾಕಿದರು. 1768ರಲ್ಲಿ ಕಟ್ಟಿದ ಪಡೆ ಅದು, ಫೌಜಿನವರು ಜಂಗಿ ಪಲ್ಟನ್ ಎಂದೇ ಕರೆಯುತ್ತಾರೆ. ಅಜ್ಜ ಈಗಲೂ "ನಮ್ಮ ಪಲ್ಟನ್" ಎನ್ನುವಾಗ ತವರುಮನೆಯ ಮಾತೆತ್ತಿದ ಆಯಿಯ, ಅಂದರೆ ನಮ್ಮಜ್ಜಿಯ, ದನಿಯೇ ಕೇಳಿಸುತ್ತದೆ.

1971ರ ಡಿಸೆಂಬರಿನಲ್ಲಿ ಆ ಪಲ್ಟನ್ ಮೇಘಾಲಯದ ತುರಾ ಕಡೆಯಿಂದ ಪೂರ್ವ ಪಾಕಿಸ್ತಾನದೊಳಕ್ಕೆ, ಅಂದರೆ ಈಗಿನ ಬಾಂಗ್ಲಾದೇಶದೊಳಕ್ಕೆ, ಇಳಿಯಿತು. ಗಡಿಯ ಕಮಾಲ್‌ಪುರ ಠಾಣೆ 4ನೇ ತಾರೀಕು ಕೈಗೆ ಬಂತು. ಮುಂದೆ ಬ್ರಹ್ಮಪುತ್ರ ದಾಟಿ, ಜಮಾಲ್‌ಪುರ ಊರನ್ನು ಬಳಸಿಕೊಂಡು ಹೋಗಿ, ಟಾಂಗೈಲ್ ಕಡೆಗಿನ ರಸ್ತೆಗೆ ಅಡ್ಡ ಕೂತರು. ಊರೊಳಗೆ ಪಾಕಿಸ್ತಾನದ 31 ಬಲೂಚ್ ಪಡೆ ಇತ್ತು. ಶರಣಾಗಿ ಎಂದು ನಮ್ಮ ಬ್ರಿಗೇಡಿಯರ್ ಕ್ಲೇರ್ ಅವರು ಬಾಂಗ್ಲಾ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಯವನೊಬ್ಬನ ಕೈಯಲ್ಲಿ ಚೀಟಿ ಕಳಿಸಿದರೆ, ಅವರ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರದ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. 10ನೇ ತಾರೀಕಿನ ರಾತ್ರಿ ಆ ಪಡೆ ಊರು ಬಿಟ್ಟು ಅದೇ ರಸ್ತೆಯಲ್ಲಿ ನುಗ್ಗಿತು. ಅಡ್ಡ ಕೂತಿದ್ದವರಲ್ಲಿ ನಮ್ಮಜ್ಜ ಒಬ್ಬ.

ಚೀಟಿ, ಗುಂಡಿನ ಕತೆಯನ್ನು ನಾನು ಓದಿ ತಿಳಿದುಕೊಂಡದ್ದು. ಕಾಲೇಜಿನಲ್ಲಿದ್ದಾಗ ಉತ್ಸಾಹದಿಂದ ಅಜ್ಜನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹೌದೇನವಾ? ನಮಗ ಯಾರ್ ಹೇಳ್ತಿದ್ರು ಇದನ್ನೆಲ್ಲಾ. ನಮಗ ಇಲ್ಲಿ ತಗ್ಗ್ ತೋಡ್ರಿ ಅಂದ್ರು, ತೋಡಿದ್ವಿ" ಎಂದ. ಯುದ್ಧದ ಪುಸ್ತಕಗಳಲ್ಲಿ ಇಂಥ ಸಾಲು ಸಿಗುವುದಿಲ್ಲ. ಅವನ ಯುದ್ಧ ಎಂದರೆ ಎದೆಮಟ್ಟದ ಆ ತಗ್ಗು, ಒದ್ದೆ ಬೂಟು, ಪಕ್ಕದ ತಗ್ಗಿನವನ ಕೆಮ್ಮು. ಆ ರಾತ್ರಿ ಏನಾಯಿತು ಎಂದು ಎಷ್ಟು ಸಲ ಕೇಳಿದರೂ, "ಬಂದ್ರು, ಹೊಡದ್ವಿ, ಬೆಳಗಾತು" ಎಂಬ ಮೂರು ಮಾತಿನ ಆಚೆ ಹೋಗಿಲ್ಲ. ಪಕ್ಕದ ತಗ್ಗಿನವನ ವಿಷಯ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ. ನಾನು ಕೇಳುವುದನ್ನು ಬಿಟ್ಟೆ.

ಆದರೆ ಒಂದು ವಿಷಯ ಮಾತ್ರ ತಾನಾಗಿಯೇ ಹೇಳಿದ್ದಾನೆ, ಒಂದಲ್ಲ ಹತ್ತು ಸಲ. ಅದು ಭತ್ತದ ವಿಷಯ.

"ಗಡಿ ದಾಟಿದ ಕೂಡ್ಲೇ ಭತ್ತಾನ ಭತ್ತ. ನಮ್ಮ ಕಡೆ ಇದ್ದಂಗ. ಕಾಳ್ ಪೂರಾ ಬಲತಿತ್ತು, ಕೊಯ್ಲಿ ಹೊತ್ತ್ ದಾಟಿ ತೆನಿ ಮಗಚಿ ಬಿದ್ದಿತ್ತು. ಕೊಯ್ಯಾಕ ಒಬ್ಬ ಮನಷಾ ಇಲ್ಲ. ನಾವ ಅದರಾಗ ತುಳಕೋತ ಹೋದ್ವಿ. ಬೂಟ್ ಇಟ್ಟಲ್ಲೆಲ್ಲ ಕಾಳ್ ಉದರೋದು ಕೇಳಸ್ತಿತ್ತು."

ಕೊಯ್ಯುವವರು ಎಲ್ಲಿದ್ದರು? ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು. ಹಿಂದಿನ ವಾರ ಅಜ್ಜ ಮೇಘಾಲಯದಲ್ಲಿ ನಿರಾಶ್ರಿತರ ಶಿಬಿರದ ಪಕ್ಕದಿಂದ ಹಾದುಹೋಗಿದ್ದ. ಊಟಕ್ಕೆ ತಾಟು ಹಿಡಿದು ಸಾಲಾಗಿ ನಿಂತವರು ಈ ಹೊಲದವರೇ ಇರಬೇಕು ಎಂದು ತನಗೆ ಹೊಳೆದದ್ದು ಆ ಗದ್ದೆಯಲ್ಲಿ ಎಂದು ಹೇಳುತ್ತಾನೆ. ಎಂಟು ವರ್ಷ ರೈಫಲ್ ಹಿಡಿದಿದ್ದರೂ ಅವನು ಆ ನೆಲವನ್ನು ನೋಡಿದ್ದು ರೈತನ ಕಣ್ಣಿನಿಂದ. ನಮ್ಮಜ್ಜನ ಬಗ್ಗೆ ನಾನು ಯಾರಿಗಾದರೂ ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಅದೇ ಡಿಸೆಂಬರಿನ ನಂದಗಡದ ಕತೆ ಆಯಿಯದು. ಕಿರಾಣಿ ಅಂಗಡಿಯ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯ ವಾರ್ತೆ ಕೇಳಲು ಗಂಡಸರು ಸೇರುತ್ತಿದ್ದರಂತೆ. ಆಯಿ ಎಣ್ಣೆ ತರುವ ನೆಪ ಮಾಡಿ ಹೋಗಿ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದಳಂತೆ, ಕೈಯಲ್ಲಿ ಖಾಲಿ ಬಾಟಲಿ, ಸೊಂಟದ ಮೇಲೆ ಆರು ತಿಂಗಳ ನಮ್ಮಪ್ಪ. ಮನೆಯ ಎರಡೂವರೆ ಎಕರೆಯ ಭತ್ತ ಹಾಗೇ ನಿಂತಿತ್ತು. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಓಣಿಯವರು ಕುಡಗೋಲು ಹಿಡಿದು ಅರ್ಧ ಹೊಲ ಕೊಯ್ದಾಗಿತ್ತು. ಯಾರೂ ಕರೆದಿರಲಿಲ್ಲ. ಆಯಿ ಇದನ್ನು ಹೇಳುವಾಗ ಅವರೆಲ್ಲರ ಹೆಸರನ್ನೂ, ಯಾರ ಮನೆಯಿಂದ ಎಷ್ಟು ಮಂದಿ ಎಂಬುದನ್ನೂ ಬಿಡದೆ ಹೇಳುತ್ತಿದ್ದಳು.

16ನೇ ತಾರೀಕು ಢಾಕಾದಲ್ಲಿ ಶರಣಾಗತಿ ಆಯಿತು. ಅಜ್ಜ ಊರಿಗೆ ಬಂದದ್ದು ಮಾರನೆಯ ವರ್ಷ ಬೇಸಿಗೆಯಲ್ಲಿ, ಒಂದು ತಿಂಗಳ ರಜೆಗೆ. ಹದಿನೈದು ವರ್ಷ ಮುಗಿಸಿ 1978ರಲ್ಲಿ ಪೂರ್ತಿ ಬಂದ. ಎದೆಗೆ ಹಾಕುವ ಪದಕಗಳಲ್ಲಿ ಆ ಯುದ್ಧದ ಪೂರ್ವಿ ಸ್ಟಾರ್ ಒಂದು. ಅದರ ಪಟ್ಟಿಯನ್ನು ಹುಳು ತಿಂದು ನಾನೇ ಹೊಸದನ್ನು ತಂದು ಹೊಲಿದಿದ್ದೇನೆ.

ಆಮೇಲೆ ಬೆಳಗಾವಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆಯ ಬಂದೂಕು ಹಿಡಿದು ಇಪ್ಪತ್ತೈದು ವರ್ಷ ನಿಂತ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಭಾನುವಾರ ಹೊಲ. ಇಬ್ಬರು ಅತ್ತೆಯರ ಮದುವೆ, ಅಪ್ಪನ ಐಟಿಐ, ಮನೆಗೆ ಹಂಚು, ಬಾವಿಗೆ ಪಂಪು ಎಲ್ಲವೂ ಆ ದುಡಿಮೆಯಲ್ಲಿ ಆದದ್ದು. ಗಡಿಯಾಚೆ ಹೋರಾಡಿದ್ದು ಎರಡು ವಾರ. ಜನ ಕೇಳುವುದೆಲ್ಲ ಅದನ್ನೇ.

ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ. ಹುಟ್ಟಿದ್ದು ಆಗಸ್ಟ್ 15, ಬ್ರಿಟಿಷರು ಗಲ್ಲಿಗೇರಿಸಿದ್ದು 1831ರ ಜನವರಿ 26. ಎರಡು ದಿನವೂ ಮುಂದೆ ದೇಶದ ಹಬ್ಬಗಳಾದವು. ಅಲ್ಲಿನ ಆಲದ ಮರಕ್ಕೆ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು. ಸೈನ್ಯಕ್ಕೆ ಸೇರಬೇಕೆಂಬ ಹುಡುಗರು ನಸುಕಿನಲ್ಲಿ ಅಲ್ಲಿಂದ ಓಟ ಶುರುಮಾಡುತ್ತಿದ್ದರು. ಎಪ್ಪತ್ತೈದು ದಾಟುವವರೆಗೂ ಅಜ್ಜ ಕೈಗಡಿಯಾರ ಹಿಡಿದು ಅವರ 1600 ಮೀಟರ್ ಲೆಕ್ಕ ಹಾಕಿದ. ಒಬ್ಬರಿಂದಲೂ ಒಂದು ರೂಪಾಯಿ ಮುಟ್ಟಲಿಲ್ಲ. 2022ರಲ್ಲಿ ಅಗ್ನಿಪಥ ಬಂದು ಸೇವೆ ನಾಲ್ಕೇ ವರ್ಷ, ಕಾಲು ಭಾಗ ಹುಡುಗರಿಗಷ್ಟೇ ಮುಂದುವರಿಕೆ ಎಂದಾಗ ಅವನಿಗೆ ಬಹಳ ನೋವಾಯಿತು. "ನಾಕ ವರ್ಷಕ್ಕ ಪಲ್ಟನ್ ಅಂದ್ರೇನು ಅನ್ನೂದ ತಿಳಿಯಂಗಿಲ್ಲವಾ. ತಿಳಿಯೂದ್ರಾಗ ಮನಿಗೆ" ಎಂದ. ನನಗೂ ಹಾಗೇ ಅನ್ನಿಸುತ್ತದೆ.

ಆಯಿ ಹೋಗಿ ಆರು ವರ್ಷವಾಯಿತು. ಈಗ ಅಜ್ಜನಿಗೆ ದಾಖಲೆಯ ಪ್ರಕಾರ 81. ಕಿವಿ ಮಂದ, ಮಂಡಿ ನೋವು. ಬೆಳಗಾವಿಯಲ್ಲಿ ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ದವಾಖಾನೆಯ ಗುಳಿಗೆ ಬೆಳಿಗ್ಗೆ ಮೂರು, ರಾತ್ರಿ ಎರಡು. ಆದರೂ ಅಕ್ಕಪಕ್ಕದ ಹೊಲದಲ್ಲಿ ಕೊಯ್ಲು ತಡವಾದರೆ ನಿದ್ದೆ ಮಾಡುವುದಿಲ್ಲ. ಕುಡಗೋಲು ಹಿಡಿಯುವ ಶಕ್ತಿ ಇದ್ದಾಗ ಕರೆಯದಿದ್ದರೂ ಹೋಗಿ ನಿಲ್ಲುತ್ತಿದ್ದ. ವಿಧವೆಯರ ಹೊಲ, ಮಕ್ಕಳು ಗೋವಾಕ್ಕೆ ದುಡಿಯಲು ಹೋದವರ ಹೊಲ ಎಲ್ಲೆಲ್ಲಿವೆ ಎಂಬುದು ಅವನಿಗೆ ಬಾಯಿಪಾಠ. ಈಗ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಕೊಯ್ಯುವ ಮಷೀನಿನವನಿಗೆ ತಾನೇ ಫೋನ್ ಮಾಡಿಸಿ ಯಾರ ಪಾಳಿ ಯಾವತ್ತು ಎಂದು ಕೇಳುತ್ತಾನೆ.

ಈ ಸಲ ಹೋದಾಗ ಅವನನ್ನು ಪಡಸಾಲೆಯ ಬೆಳಕಿಗೆ ಕೂರಿಸಿ ಫೋನ್ ಹಿಡಿದೆ. ಎಂದಿನಂತೆ ಫೋಟೋ ತೆಗೆಯುತ್ತಾರೆಂದು ಬಿಗಿಯಾಗಿ, ಕಣ್ಣು ಪಿಳುಕಿಸದೆ ಕೂತ. ಆ್ಯಪ್‌ಗೆ ಕಣ್ಣು ಮಿಟುಕಿಸಿದರೇ ಜೀವಂತ ಮನುಷ್ಯ ಎಂದು ತಿಳಿಯುವುದು.

"ಕಣ್ಣ್ ಮಿಟಕಸೋ ಅಜ್ಜಾ" ಎಂದೆ ಕಿವಿಯ ಹತ್ತಿರ.

ನಿಧಾನವಾಗಿ ಮುಚ್ಚಿ ತೆರೆದ. ಹಸಿರು ಗೆರೆ ಸುತ್ತಿತು. ಪ್ರಮಾಣಪತ್ರ ಸಲ್ಲಿಕೆಯಾಯಿತು ಎಂಬ ಸಂದೇಶ ಬಂತು.

"ಆತೇನ?"

"ಆತು."

"ಇನ್ನೊಂದ್ ವರ್ಷಕ್ಕ?"

"ಹೂಂ, ಇನ್ನೊಂದ್ ವರ್ಷಕ್ಕ."

ಕೋಲಿಗೆ ಕೈ ಚಾಚಿ ಏಳುತ್ತ, "ಹಂಗಾರ ನಡೀ. ತೆಳಗಿನ ಹೊಲದ್ದು ಇನ್ನೂ ಹಂಗ ನಿಂತೈತಿ, ಮಷೀನ್ ಬಂತೇನ ನೋಡೂಣು" ಎಂದ.