ಗೋವಾದಲ್ಲಿ ಜರ್ಮನ್ ರೇಡಿಯೋ ಇತ್ತಾ? ಇದೇ ಕೊನೆ, ಮತ್ತೆ ಕೇಳಬೇಡಿ

ಇತ್ತು. ಎರಡನೇ ಮಹಾಯುದ್ಧದಲ್ಲಿ ಗೋವಾದ ಬಂದರಿನಲ್ಲಿ ನಿಂತಿದ್ದ, ಏಳು ಸಾವಿರ ಟನ್ನಿಗೂ ಜಾಸ್ತಿ ತೂಗುವ ಜರ್ಮನ್ ಹಡಗು ಅಂದಮೇಲೆ ಅದರಲ್ಲಿ ರೇಡಿಯೋ ಇರದೆ ಹಾರ್ಮೋನಿಯಂ ಇರುತ್ತಾ?

ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನನಗೇನೂ ಬೇಜಾರಿಲ್ಲ.

ನಾನು ವಾಸ್ಕೋಗೆ ಬಂದು ಹದಿನೆಂಟು ವರ್ಷವಾಯಿತು. ಊರಿಂದ ಬರುವ ನೆಂಟರಿಗೆ ಮೊದಲ ದಿನ ಬೀಚು, ಎರಡನೇ ದಿನ ಚರ್ಚು, ಗೋಡಂಬಿ. ಮೂರನೇ ದಿನ ಎಲ್ಲ ಮುಗಿದು, ಮುರಗಾಂವ್ ಬಂದರು ಕಾಣುವ ಗುಡ್ಡದ ಮೇಲೆ ನಿಂತಾಗ ಯಾರಾದರೊಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ನಿಮ್ಮ ಬಂದರಿನಲ್ಲಿ ಜರ್ಮನ್ ಸ್ಪೈ ಇದ್ದನಂತಲ್ಲ?" ನಿಮ್ಮ ಬಂದರಂತೆ. ನಾನೇ ಅವನಿಗೆ ಬಾಡಿಗೆಗೆ ರೂಮು ಕೊಟ್ಟ ಹಾಗೆ. 1980ರಲ್ಲಿ ಇದೇ ವಿಷಯದ ಮೇಲೆ ಒಂದು ಇಂಗ್ಲಿಷ್ ಸಿನಿಮಾ ಬಂದಿತ್ತು. ಅದರಲ್ಲಿ ರೋಜರ್ ಮೂರ್ ಇದ್ದ. ಅವನಿದ್ದ ಅಂದಮೇಲೆ ಜನರಿಗೆ ಅದು ಇತಿಹಾಸ ಅಂತಲೇ ಲೆಕ್ಕ.

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟು ಬಂದದ್ದು ಮಾತ್ರ ಧಾರವಾಡದ ಒಂದು ಮದುವೆಯಲ್ಲಿ. ಪಂಕ್ತಿಯಲ್ಲಿ ಕೂತಿದ್ದೆವು. ಹೋಳಿಗೆ ಬಂದಿತ್ತು, ಮೇಲೆ ತುಪ್ಪ ಬಿದ್ದಿತ್ತು. ನಾಲ್ಕು ಎಲೆ ಆಚೆ ಕೂತಿದ್ದ ದೂರದ ಮಾವನೊಬ್ಬ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿದ: "ಏನಪಾ, ಗೋವಾದಾಗ ಜರ್ಮನಿ ರೇಡಿಯೋ ಇತ್ತಂತ. ಒಂದ ಮಾತಿನ್ಯಾಗ ಹೇಳು. ಇತ್ತೋ ಇಲ್ಲೋ?"

ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೆ ಹಿಂದುಮುಂದಿದೆ ಅಂದೆ. "ಅಂದ್ರ ಗೊತ್ತಿಲ್ಲ ಅನ್ನು" ಎಂದ ಮಾವ. ಸಾಲಿನವರೆಲ್ಲ ನಕ್ಕರು. ನನಗೆ ರೋಷ ಬಂತು, ವಿವರಿಸಲು ಶುರು ಮಾಡಿದೆ. ಎರಡನೇ ಹೋಳಿಗೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅವತ್ತೇ ಬರೆದಿಡಬೇಕಿತ್ತು.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥ ದೇಶ. ಗೋವಾ ಅವರದ್ದು, ಹಾಗಾಗಿ ಗೋವಾನೂ ತಟಸ್ಥ. ಸುತ್ತ ಇದ್ದದ್ದು ಬ್ರಿಟಿಷ್ ಇಂಡಿಯಾ. 1939ರಲ್ಲಿ ಯುದ್ಧ ಶುರುವಾದಾಗ ಎರೆನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಎಂಬ ಮೂರು ಜರ್ಮನ್ ಸರಕು ಹಡಗುಗಳು ಬ್ರಿಟಿಷ್ ನೌಕಾಪಡೆಗೆ ಹೆದರಿ ಮುರಗಾಂವ್ ಬಂದರಿಗೆ ನುಗ್ಗಿದವು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಆನ್‌ಫೋರಾ ಎಂಬ ಇಟಾಲಿಯನ್ ಹಡಗೂ ಜೊತೆಗೂಡಿತು. ಹೊರಗೆ ಹೋದರೆ ಬ್ರಿಟಿಷರು ಹಿಡಿಯುತ್ತಾರೆ. ಒಳಗಿದ್ದರೆ ಯಾರೂ ಮುಟ್ಟುವ ಹಾಗಿಲ್ಲ. ಜರ್ಮನ್ ಹಡಗುಗಳು ಮೂರು ವರ್ಷಕ್ಕೂ ಜಾಸ್ತಿ ಅಲ್ಲೇ ಲಂಗರು ಹಾಕಿ ಕೂತವು.

ಆಮೇಲೆ ಅರಬ್ಬೀ ಸಮುದ್ರದಲ್ಲಿ, ಹಿಂದೂ ಮಹಾಸಾಗರದಲ್ಲಿ ಬ್ರಿಟಿಷರ ಕಡೆಯ ಹಡಗುಗಳು ಸಬ್‌ಮರೀನಿಗೆ ಬಲಿಯಾಗತೊಡಗಿದವು. ಯಾವ ಹಡಗು ಯಾವಾಗ ಹೊರಡುತ್ತದೆ ಅಂತ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ, ಸುದ್ದಿ ಹೋಗುವುದು ಎರೆನ್‌ಫೆಲ್ಸ್‌ನಲ್ಲಿ ಬಚ್ಚಿಟ್ಟ ಟ್ರಾನ್ಸ್‌ಮಿಟರಿನಿಂದ ಅಂತ ಬ್ರಿಟಿಷರ ಗುಪ್ತ ಸಂಸ್ಥೆ ಎಸ್‌ಒಇ ತೀರ್ಮಾನ ಮಾಡಿತು. ಪಣಜಿಯಲ್ಲಿದ್ದ ಜರ್ಮನ್ ಏಜೆಂಟನನ್ನು ಹೆಂಡತಿ ಸಮೇತ ಎತ್ತಿ ಗಡಿ ದಾಟಿಸಿದರು, ಆದರೂ ಸುದ್ದಿ ಹೋಗುವುದು ನಿಲ್ಲಲಿಲ್ಲ ಅನ್ನುತ್ತದೆ ಅವರ ಕಥೆ. ಹಾಗಾದರೆ ಹಡಗನ್ನೇ ಮುಗಿಸೋಣ ಅಂದರು.

ಆದರೆ ತಟಸ್ಥ ಬಂದರಿಗೆ ಸೈನ್ಯ ಕಳಿಸುವ ಹಾಗಿಲ್ಲ. ಪೋರ್ಚುಗಲ್ಲಿಗೂ ಇಂಗ್ಲೆಂಡಿಗೂ 1373ರಿಂದ ಒಪ್ಪಂದದ ಸ್ನೇಹ. ಅದನ್ನು ಕೆಡಿಸಿಕೊಂಡರೆ ಅಟ್ಲಾಂಟಿಕ್ಕಿನ ಅಜೋರ್ಸ್ ದ್ವೀಪಗಳು ಕೈಗೆ ಸಿಗುವುದಿಲ್ಲ. ಆ ದ್ವೀಪಗಳ ಮೇಲೆ ಬ್ರಿಟಿಷರಿಗೆ ಬಹಳ ಕಣ್ಣಿತ್ತು. 1943ರಲ್ಲಿ ಕೊನೆಗೆ ಸಿಕ್ಕವು ಕೂಡ. ಅದಕ್ಕೇ, ಸಿಕ್ಕಿಬಿದ್ದರೆ "ಇವರು ನಮ್ಮವರೇ ಅಲ್ಲ" ಅನ್ನಬಹುದಾದ ಜನರನ್ನು ಹುಡುಕಿದರು. ಸಿಕ್ಕಿದವರು ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಕುದುರೆ ದಳದವರು. ಸೆಣಬಿನ ವ್ಯಾಪಾರಿ, ಕಂಪನಿ ಸಾಹೇಬ, ಇಂಥವರೇ ತುಂಬಿದ ದಳ. ವಾರಕ್ಕೊಮ್ಮೆ ಕವಾಯತು, ದಿನಾ ಸಂಜೆ ಕ್ಲಬ್ಬು. ಆ ದಳ ಕೊನೆಯ ಸಲ ಯುದ್ಧ ಕಂಡದ್ದು ಬೋಯರ್ ಯುದ್ಧದಲ್ಲಿ, ಅಂದರೆ ನಲವತ್ತು ವರ್ಷದ ಹಿಂದೆ. ಅಲ್ಲಿಂದ 14 ಜನ, ಕಲ್ಕತ್ತಾ ಸ್ಕಾಟಿಶ್ ಎಂಬ ಇನ್ನೊಂದು ಹವ್ಯಾಸಿ ದಳದಿಂದ 4 ಜನ. ಕರೆದೊಯ್ದದ್ದು ಫೀಬಿ ಎಂಬ ಬಾರ್ಜ್. ಕಲ್ಕತ್ತೆಯಲ್ಲಿ ಹೂಳು ಹೊತ್ತು ಹಾಕುತ್ತಿದ್ದ ಬಾರ್ಜ್ ಅದು. ಕುದುರೆ ದಳ ಹೂಳಿನ ದೋಣಿ ಹತ್ತಿ ಯುದ್ಧಕ್ಕೆ ಹೊರಟಿತು. ರೋಜರ್ ಮೂರ್ ಅಭಿಮಾನಿಗಳು ಕ್ಷಮಿಸಬೇಕು.

1943ರ ಮಾರ್ಚ್ 9ರ ನಸುಕಿನಲ್ಲಿ ಅವರು ಎರೆನ್‌ಫೆಲ್ಸ್ ಹತ್ತಿದರು. ಗೋವಾದಲ್ಲಿ ಅವು ಕಾರ್ನಿವಲ್ ದಿನಗಳು, ಮರುದಿನವೇ ಬೂದಿ ಬುಧವಾರ, ಕ್ರೈಸ್ತರ ಉಪವಾಸದ ಮೊದಲ ದಿನ. ದಡದಲ್ಲಿ ನಾವಿಕರಿಗಾಗಿ ಪಾರ್ಟಿ ಏರ್ಪಾಡಾಗಿತ್ತು. ಬ್ರಿಟಿಷರದ್ದೇ ಖರ್ಚು. ಹಡಗಿನಲ್ಲಿ ಉಳಿದಿದ್ದವರಲ್ಲಿ ಕ್ಯಾಪ್ಟನ್ ರೋಫರ್ ಸೇರಿ ಕೆಲವರು ಸತ್ತರು. ಜರ್ಮನ್ನರು ತಾವೇ ಹಡಗಿಗೆ ನೀರು ಬಿಟ್ಟು, ಬೆಂಕಿ ಹಚ್ಚಿ ಮುಳುಗಿಸಿದರು. ಅದನ್ನು ನೋಡಿ ಉಳಿದ ಮೂರು ಹಡಗಿನವರೂ ತಮ್ಮ ಹಡಗು ತಾವೇ ಮುಳುಗಿಸಿಕೊಂಡರು. ಹೋದವರು ಎಲ್ಲರೂ ವಾಪಸ್ ಬಂದರು. ಪದಕ ಇಲ್ಲ, ಪೇಪರಿನಲ್ಲಿ ಹೆಸರಿಲ್ಲ. ಕಥೆ ಸಾರ್ವಜನಿಕವಾಗಿ ಹೊರಗೆ ಬಂದದ್ದೇ 1978ರಲ್ಲಿ.

ಈಗ ಮಾವನ ಪ್ರಶ್ನೆ. ರೇಡಿಯೋ ಹಡಗಿನಲ್ಲಿ ಇದ್ದೇ ಇತ್ತು. ಅದರಿಂದ ಸಬ್‌ಮರೀನಿಗೆ ಸುದ್ದಿ ಹೋಗುತ್ತಿತ್ತಾ, ಅದರಿಂದಲೇ ಹಡಗುಗಳು ಮುಳುಗಿದವಾ ಎಂಬುದರ ಮೇಲೆ ಬರೆದವರು ಇಂದಿಗೂ ಜಗಳವಾಡುತ್ತಾರೆ. ನನ್ನನ್ನು ಕೇಳಿದರೆ, ಆ ಒಂದು ಪೆಟ್ಟಿಗೆಗೆ ಜನ ಸಿಕ್ಕಾಪಟ್ಟೆ ಬೆಲೆ ಕಟ್ಟಿದ್ದಾರೆ. ಸಬ್‌ಮರೀನಿನವರಿಗೂ ಕಣ್ಣಿತ್ತು. ದೊಡ್ಡ ಬಂದರಿನ ಬಾಯಲ್ಲಿ ಕಾದರೆ ಹಡಗು ಬಂದೇ ಬರುತ್ತದೆ.

ಜನರಿಗೆ ಗೂಢಚಾರ ಅಂದರೆ ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕಟಕಟ ಅನ್ನಿಸುವವನೇ ಆಗಬೇಕು. ನಮ್ಮಜ್ಜ ಆ ಕಾಲದಲ್ಲಿ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ಮಾಲು ಗುಮಾಸ್ತ. ಇತ್ತ ಬ್ರಿಟಿಷರ ಸೀಮೆ, ಘಟ್ಟ ಇಳಿದರೆ ಪೋರ್ಚುಗೀಸರದ್ದು. ಮುರಗಾಂವ್‌ನಿಂದ ಹೊರಟ ರೈಲು ದೂಧಸಾಗರ ದಾಟಿ ಏದುಸಿರು ಬಿಡುತ್ತಾ ಅಲ್ಲಿಗೆ ಹತ್ತಿಬರುತ್ತಿತ್ತು. ಸುಂಕದ ತಪಾಸಣೆ ಅಲ್ಲೇ. ವ್ಯಾಗನ್ನಿನ ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿರುತ್ತಿದ್ದ ನಂಬರು, ಊರಿನ ಎರಡಕ್ಷರ, ಒಂದು ತಾರೀಕು. ಅಷ್ಟು ಸಾಕಿತ್ತು ಅಜ್ಜನಿಗೆ. ಬಂದರಿನಲ್ಲಿ ಎಷ್ಟು ದಿನ ಕೊಳೆಯಿತು, ಯಾವ ವ್ಯಾಪಾರಿಗೆ ಕಷ್ಟ ಬಂದಿದೆ, ಹಡಗು ಬಂತೋ ಇಲ್ಲವೋ, ಎಲ್ಲ ಹೇಳುತ್ತಿದ್ದನಂತೆ. ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ಅಜ್ಜಿಗೆ ಆ ದಿನದ ವರದಿ. ಅಜ್ಜಿ ಬಾವಿಕಟ್ಟೆಯಲ್ಲಿ ಅದನ್ನು ಉಳಿದವರಿಗೆ ಮುಟ್ಟಿಸುತ್ತಿದ್ದಳು. ಟ್ರಾನ್ಸ್‌ಮಿಟರ್ ಬೇಕಿರಲಿಲ್ಲ.

ತಟಸ್ಥ ನೆಲದ ಗುಟ್ಟೇ ಇದು. ಅಲ್ಲಿ ಯಾರೂ ಯಾರನ್ನೂ ಓಡಿಸುವ ಹಾಗಿಲ್ಲ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಹಡಗು ಎಣಿಸಬಹುದು. 1943ರ ಅಕ್ಟೋಬರಿನಲ್ಲಿ ಜಪಾನಿನ ತೇಯಾ ಮಾರು, ಅಮೆರಿಕದವರು ಕಳಿಸಿದ ಗ್ರಿಪ್ಸ್‌ಹೋಮ್ ಎಂಬ ಸ್ವೀಡನ್ನಿನ ಹಡಗು, ಎರಡೂ ಇದೇ ಮುರಗಾಂವ್‌ಗೆ ಬಂದು, ಸೆರೆ ಸಿಕ್ಕಿದ್ದ ನಾಗರಿಕರನ್ನು ಅದಲು ಬದಲು ಮಾಡಿಕೊಂಡವು. ಅತ್ತ ಸಾವಿರಕ್ಕೂ ಜಾಸ್ತಿ, ಇತ್ತ ಸಾವಿರಕ್ಕೂ ಜಾಸ್ತಿ ಜನ. ನಾಲ್ಕು ಹಡಗು ಮುಳುಗಿ ಆಗಿನ್ನೂ ಏಳು ತಿಂಗಳು. ಇದನ್ನು ಒಬ್ಬನೇ ಒಬ್ಬ ನೆಂಟ ಈವರೆಗೆ ಕೇಳಿಲ್ಲ.

ಇನ್ನೊಂದನ್ನೂ ಕೇಳಿಲ್ಲ. ನಾನು ಹದಿನೆಂಟು ವರ್ಷದಿಂದ ಕಾಯುತ್ತಿರುವ ಪ್ರಶ್ನೆ: ಬಂದ ಸುದ್ದಿ ನಿಜವೋ ಸುಳ್ಳೋ ಅಂತ ನೋಡಿದವರು ಯಾರು?

ಇದಕ್ಕೆ ಗೋವಾ ಬಿಟ್ಟು ಅದೇ ಬಾವುಟದ ಇನ್ನೊಂದು ಊರಿಗೆ ಹೋಗಬೇಕು, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ಗೆ. ಯುದ್ಧಕಾಲದ ಲಿಸ್ಬನ್‌ನಲ್ಲಿ ಸುದ್ದಿ ಅನ್ನುವುದು ಸಂತೆ ಮಾಲು. ಎರಡೂ ಕಡೆಯವರಿದ್ದರು, ಇಬ್ಬರ ಕೈಯಲ್ಲೂ ದುಡ್ಡಿತ್ತು. ಕೊಳ್ಳುವವರು ಜಾಸ್ತಿ ಆದರೆ ಹಾಲಿಗೆ ನೀರು ಬೀಳುತ್ತದೆ, ಅಲ್ವಾ? ಇಲ್ಲಿ ಹಾಲೇ ಇಲ್ಲದೆ ಬರೀ ನೀರು ಮಾರಿದವನೊಬ್ಬನಿದ್ದ. ಹೆಸರು ಹುವಾನ್ ಪುಜೋಲ್. ಬಾರ್ಸಿಲೋನಾದವನು. 1941ರಲ್ಲಿ ಬ್ರಿಟಿಷರ ಹತ್ತಿರ ಹೋಗಿ ನಿಮಗಾಗಿ ಗೂಢಚಾರಿಕೆ ಮಾಡುತ್ತೇನೆ ಅಂದ. ಬೇಡ ಅಂದರು. ಜರ್ಮನ್ನರ ಹತ್ತಿರ ಹೋದ. ಅವರು ತೆಗೆದುಕೊಂಡರು, ಲಂಡನ್ನಿಗೆ ಹೋಗು ಅಂದರು. ಅವನು ಹೋಗಲಿಲ್ಲ. ಲಿಸ್ಬನ್‌ನಲ್ಲೇ ಕೂತು "ಲಂಡನ್ನಿನಿಂದ" ವರದಿ ಬರೆದ.

ಹೇಗೆ? ಪ್ರವಾಸಿಗರ ಕೈಪಿಡಿ ಒಂದು, ರೈಲ್ವೆ ವೇಳಾಪಟ್ಟಿ ಒಂದು, ಥಿಯೇಟರಿನಲ್ಲಿ ತೋರಿಸುತ್ತಿದ್ದ ವಾರ್ತಾಚಿತ್ರಗಳು. ಇಂಗ್ಲೆಂಡಿನ ಮುಖ ಕೂಡ ಆತ ನೋಡಿರಲಿಲ್ಲ. ಪತ್ರಕ್ಕೆ ಲಿಸ್ಬನ್ನಿನ ಮುದ್ರೆ ಯಾಕೆ ಅಂದರೆ, ವಿಮಾನದವನೊಬ್ಬ ತಂದು ಇಲ್ಲಿ ಪೋಸ್ಟ್ ಮಾಡುತ್ತಾನೆ ಎಂಬ ಕಥೆ. ಒಮ್ಮೆಯಂತೂ ಗ್ಲಾಸ್ಗೋದಲ್ಲಿ ಒಂದು ಲೀಟರ್ ವೈನಿಗಾಗಿ ಏನು ಬೇಕಾದರೂ ಮಾಡುವ ಜನರಿದ್ದಾರೆ ಅಂತ ಬರೆದುಬಿಟ್ಟ. ಬಿಯರು, ವಿಸ್ಕಿಯ ಊರಿನವರು ವೈನಿಗೆ ಬಾಯಿಬಿಡುತ್ತಾರಂತೆ! ಓದಿದ ಜರ್ಮನ್ನರಿಗೆ ಅನುಮಾನ ಬರಲಿಲ್ಲ.

ಇಲ್ಲದ ಹಡಗುಗಳ ಗುಂಪೊಂದು ಲಿವರ್‌ಪೂಲ್‌ನಿಂದ ಮಾಲ್ಟಾಕ್ಕೆ ಹೊರಟಿದೆ ಅಂತ ಬರೆದ. ಜರ್ಮನ್ನರು ಅದನ್ನು ಹಿಡಿಯಲು ತಯಾರಿ ನಡೆಸಿದರು. ಜರ್ಮನ್ ಸಂದೇಶಗಳನ್ನು ಕದ್ದು ಓದುತ್ತಿದ್ದ ಬ್ರಿಟಿಷರು ಕಣ್ಣುಜ್ಜಿಕೊಂಡರು. ನಮ್ಮಲ್ಲಿ ಇಲ್ಲದ ಹಡಗನ್ನು ಇವನ್ಯಾರು ಕಳಿಸುತ್ತಿದ್ದಾನೆ? 1942ರ ಏಪ್ರಿಲ್‌ನಲ್ಲಿ ಅವನನ್ನು ನಿಜವಾಗಿಯೂ ಲಂಡನ್ನಿಗೆ ಕರೆಸಿ, ಗಾರ್ಬೊ ಅಂತ ಹೆಸರಿಟ್ಟು, ಅದೇ ಕೆಲಸ ಮುಂದುವರಿಸು ಅಂದರು. ಕೊನೆಗೆ ಅವನ ಕೈಕೆಳಗೆ 27 ಏಜೆಂಟರು. ಒಬ್ಬನೂ ಹುಟ್ಟಿದವನಲ್ಲ. ಎಲ್ಲರ ಸಂಬಳವನ್ನೂ ಜರ್ಮನಿ ಕೊಡುತ್ತಿತ್ತು. 1944ರ ಜೂನಿನಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಬ್ರಿಟಿಷರ ಕಡೆಯ ಸೈನ್ಯ ಇಳಿದ ಮೇಲೂ, ನಿಜವಾದ ದಾಳಿ ಕ್ಯಾಲೇ ಕಡೆ ಬರುತ್ತದೆ ಅಂತ ಜರ್ಮನ್ನರನ್ನು ನಂಬಿಸಿದವರಲ್ಲಿ ಇವನೇ ಮುಖ್ಯ. ಜರ್ಮನ್ನರು ಐರನ್ ಕ್ರಾಸ್ ಪದಕ ಕೊಟ್ಟರು, ಬ್ರಿಟಿಷರು ಎಂಬಿಇ ಎಂಬ ಗೌರವ ಕೊಟ್ಟರು. ಹೂಳಿನ ದೋಣಿಯಲ್ಲಿ ಹೋದವರಿಗೆ ಒಂದೂ ಸಿಗಲಿಲ್ಲ, ಇವನಿಗೆ ಎರಡು.

ಲಿಸ್ಬನ್ ದಿನಗಳಲ್ಲಿ ಅವನು ಸಿಕ್ಕಿಬೀಳಬಹುದಾಗಿದ್ದದ್ದು ಹಡಗಿನಿಂದಲೂ ಅಲ್ಲ, ವೈನಿನಿಂದಲೂ ಅಲ್ಲ. ಖರ್ಚಿನ ಲೆಕ್ಕದಿಂದ. ಲಂಡನ್ನಿನಲ್ಲಿದ್ದೇನೆ ಅಂದಮೇಲೆ ಪೌಂಡಿನಲ್ಲಿ ಬಿಲ್ ಕಳಿಸಬೇಕಲ್ಲ. ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗು, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಈ ಲೆಕ್ಕ ಅವನ ತಲೆಗೆ ಹತ್ತಲೇ ಇಲ್ಲ. ಖರ್ಚನ್ನು ಒಂದೊಂದಾಗಿ ಬರೆದು, ಒಟ್ಟು ಮೊತ್ತ ಆಮೇಲೆ ಕಳಿಸುತ್ತೇನೆ ಅಂತ ಸುಮ್ನೆ ದಾಟಿಸುತ್ತಿದ್ದ. ಮ್ಯಾಡ್ರಿಡ್‌ನಲ್ಲಿ ಕೂತು ಅವನ ವರದಿ ಓದುತ್ತಿದ್ದ ಜರ್ಮನ್ ಸಾಹೇಬರು ಹೂಂ ಅಂದರು.

ನಮ್ಮಜ್ಜ ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ರೂಪಾಯಿ ಅಂತ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಿದ್ದವನು. ಒಟ್ಟು ಹಾಕದ ಬಿಲ್ಲು ಕ್ಯಾಸಲ್‌ರಾಕ್‌ನಲ್ಲಿ ಅವನ ಮೇಜಿಗೆ ಬಂದಿದ್ದರೆ, ತಂದವನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಲೆಕ್ಕ ಮಾಡಿಸುತ್ತಿದ್ದ. ವ್ಯಾಗನ್ ಬಿಡುತ್ತಿರಲಿಲ್ಲ.